ಜೋಳದ ಪಾಳಿ

ಕೃತಜ್ಞತೆಯೆಂಬುದು ಸಭೆ ಸಮಾರಂಭಗಳ ಕೊನೆಯಲ್ಲಿ ವಂದನಾರ್ಪಣೆಯ ರೂಪದಲ್ಲಿ ನಾವು ಮೇಲಿಂದ ಮೇಲೆ ಕೇಳುವ ಶಬ್ದ. ನಾಣ್ಯವು ಕೈಯಿಂದ ಕೈಗೆ ಸಾಗಿ ಸವೆಯುವಂತೆ ಶಬ್ದವೂ ಬಾಯಿಂದ ಬಾಯಿಗೆ ಸಾಗಿ ಸವೆಯುತ್ತದೆ. 'ಕೃತ'ವೆಂದರೆ ಮಾಡಲ್ಪಟ್ಟದ್ದು, 'ಜ್ಞ' ಎಂದರೆ ಬಲ್ಲವನು. ತನಗಾಗಿ ಯಾರು ಏನನ್ನು ಮಾಡಿದ್ದಾರೆಂಬುದನ್ನು ಬಲ್ಲವನೇ ಕೃತಜ್ಞ. ಆದುದರಿಂದ ಇದು ಮೂಲತಃ ಅರಿವಿಗೆ ಸಂಬಂಧಿಸಿದ ಪದವೇ ಹೊರತು ಬಾಯಿಯ ಉಪಚಾರಕ್ಕೆ ಸಂಬಂಧಿಸಿದುದಲ್ಲ.

ಈ ಸಂಸ್ಕೃತ ಪದಕ್ಕಿಂತಲೂ ನನಗೆ ಹೆಚ್ಚು ಪ್ರಿಯವಾದ ಹಳಗನ್ನಡದ ಮಾತೊಂದಿದೆ. ಅದು 'ಜೋಳದ ಪಾಳಿ'. ಹತ್ತನೆಯ ಶತಮಾನದ ಪಂಪನ ಕಾವ್ಯವನ್ನು ಓದಿದವರಿಗೆಲ್ಲ ಇದು ಪರಿಚಿತ. ಉಂಡ ಅನ್ನದ ಋಣವನ್ನು, ಪ್ರಸಂಗ ಬಂದರೆ ಪ್ರಾಣವನ್ನಿತ್ತಾದರೂ ತೀರಿಸಬೇಕೆಂಬ ಧರ್ಮವೇ ಜೋಳದ ಪಾಳಿ. ತನ್ನ ಜನ್ಮರಹಸ್ಯವನ್ನು ತಿಳಿದ ಮೇಲೆಯೂ ಕರ್ಣನು ದುರ್ಯೋಧನನ ಪಕ್ಷವನ್ನು ಬಿಡದೆ ನಿಂತುದು ಈ ಧರ್ಮದ ಬಲದಿಂದ. ನಮ್ಮ ಪೂರ್ವಿಕರು ಇದನ್ನು ಹೊನ್ನಿನ ಪಾಳಿಯೆಂದು ಕರೆಯಲಿಲ್ಲ, ಅಕ್ಕಿಯ ಪಾಳಿಯೆಂದೂ ಕರೆಯಲಿಲ್ಲ. ಜೋಳದ ಪಾಳಿಯೆಂದೇ ಕರೆದರು. ಬೈಲಹೊಂಗಲ, ಸವದತ್ತಿಯ ಎರೆಹೊಲಗಳಲ್ಲಿ ಬೆಳೆದ ಬಿಳಿಜೋಳದ ರೊಟ್ಟಿಯನ್ನುಂಡು ದೊಡ್ಡವರಾದ ನಮಗೆ ಆ ಪದದ ರುಚಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇನ್ನೊಂದು ಸ್ವಾರಸ್ಯವೂ ಇದೆ. 'ಪಾಳಿ' ಎಂಬ ಮಾತು ಕಾವ್ಯಗಳಲ್ಲಿ ಧರ್ಮ, ಕಟ್ಟಳೆಯೆಂಬ ಅರ್ಥದಲ್ಲಿ ಬಂದಿದ್ದರೆ, ನಮ್ಮ ಆಡುಮಾತಿನಲ್ಲಿ ಸರದಿಯೆಂಬ ಅರ್ಥದಲ್ಲಿ ಇಂದಿಗೂ ಜೀವಂತವಾಗಿದೆ. ನೀರಿಗೆ ಪಾಳಿ, ಗಿರಣಿಗೆ ಪಾಳಿ, ಆಟದಲ್ಲಿ ಪಾಳಿ. ಈ ಎರಡು ಅರ್ಥಗಳು ಒಂದೆಡೆ ಕೂಡಿದುದನ್ನು ನಾನು ಕಂಡದ್ದು ಗ್ರಂಥದಲ್ಲಿ ಅಲ್ಲ, ಒಂದು ವೃದ್ಧಾಶ್ರಮದ ಪಡಸಾಲೆಯಲ್ಲಿ. ಆ ಅನುಭವವನ್ನೇ ಈ ಸಂಚಿಕೆಯ ವಾಚಕರ ಮುಂದಿಡಬೇಕೆಂದು ಬಗೆದಿದ್ದೇನೆ.

ಉಪಕಾರಸ್ಮರಣೆಗೆಂದೇ ಒಂದು ದಿನವನ್ನು ಮೀಸಲಾಗಿಡುವ ಪದ್ಧತಿ ಅಮೇರಿಕದಲ್ಲಿದೆ. 1621ರಲ್ಲಿ ಪ್ಲಿಮತ್ ಎಂಬಲ್ಲಿ ನೆಲೆಸಿದ ವಲಸೆಗಾರರು ಸುಗ್ಗಿಯ ನಂತರ ಮಾಡಿದ ಊಟವನ್ನು ಅದರ ಮೂಲವೆಂದು ಆ ಜನರು ಹೇಳುತ್ತಾರೆ. 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಅಬ್ರಹಾಂ ಲಿಂಕನ್ ಅದನ್ನು ಇಡೀ ರಾಷ್ಟ್ರದ ಆಚರಣೆಯನ್ನಾಗಿ ಸಾರಿದನು. 1941ರ ಶಾಸನದ ಪ್ರಕಾರ ಅದು ನವೆಂಬರದ ನಾಲ್ಕನೆಯ ಗುರುವಾರ ನಡೆಯುತ್ತದೆ. ಅಲ್ಲಿ ದಾದಿಯಾಗಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ವೃದ್ಧರ ಶುಶ್ರೂಷಾಲಯಗಳಲ್ಲಿ ಆ ದಿನ ಏನೇನು ನಡೆಯುತ್ತದೆಂಬುದನ್ನು ವಿವರವಾಗಿ ಬರೆದು ತಿಳಿಸಿದ್ದಳು. ಮುದುಕರು ಕಾಗದದ ಮೇಲೆ ತಮ್ಮ ಅಂಗೈಯನ್ನಿಟ್ಟು ಸುತ್ತಲೂ ಗೆರೆ ಎಳೆಯುತ್ತಾರೆ. ಬೆರಳುಗಳು ಟರ್ಕಿಕೋಳಿಯ ಗರಿಗಳಾಗುತ್ತವೆ, ಹೆಬ್ಬೆರಳು ಅದರ ತಲೆಯಾಗುತ್ತದೆ. ಕಾಗದದ ಎಲೆಗಳನ್ನು ಕತ್ತರಿಸಿ, ತಾವು ಯಾರಿಗೆ ಋಣಿಗಳೆಂಬುದನ್ನು ಒಂದೊಂದು ಎಲೆಯ ಮೇಲೆ ಬರೆದು, ಗೋಡೆಯ ಮೇಲಿನ ಕಾಗದದ ಮರಕ್ಕೆ ಅಂಟಿಸುತ್ತಾರೆ. ಅಂಕಿಗಳನ್ನು ಕೂಗಿ ಆಡುವ ಆಟವನ್ನು ಆಡುತ್ತಾರೆ. ಪತ್ರದ ಕೊನೆಗೆ ಆಕೆ, "ಗುರುಗಳೇ, ನಮ್ಮ ಕಡೆಗೂ ಇಂಥದೊಂದು ಹಬ್ಬ ಇದ್ದಿದ್ದರೆ!" ಎಂದು ಬರೆದಿದ್ದಳು.

ನಮ್ಮಲ್ಲಿ ಒಂದು ಹಬ್ಬವಲ್ಲ, ವರ್ಷ ತುಂಬ ಹಬ್ಬಗಳಿವೆಯೆಂದು ನಾನು ಮಾರೋಲೆ ಬರೆದೆ. ಉತ್ತರ ಕರ್ನಾಟಕದ ಒಕ್ಕಲಿಗನ ಪಂಚಾಂಗವೇ ಉಪಕಾರಸ್ಮರಣೆಯ ಪಂಚಾಂಗ. ಜ್ಯೇಷ್ಠದ ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಹುರಮಂಜು ಬಳಿದು, ಕೊಂಬುಗಳಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತೇವೆ. ಹದಿನೈದು ದಿನಗಳಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತೇವೆ. ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ಹೀಗೆ ವರ್ಷಕ್ಕೆ ಐದು ಸಲ ನಮ್ಮ ಜನರು ಮಣ್ಣಿಗೆ ರೂಪ ಕೊಟ್ಟು ಕೈಮುಗಿಯುತ್ತಾರೆ. ಆಶ್ವಿನದ ಶೀಗಿ ಹುಣ್ಣಿಮೆಗೆ ಹಾಗೂ ಮಾರ್ಗಶಿರದ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆ ಮೊದಲು ಉಣಿಸಿ, ಆಮೇಲೆ ತಾವು ಉಣ್ಣುವ ಹಬ್ಬವಿದು. ಇದಕ್ಕಿಂತ ಹಿರಿದಾದ ಉಪಕಾರಸ್ಮರಣೆ ಬೇರೆ ಯಾವುದುಂಟು?

ಆದರೆ ಆ ಓಲೆಯನ್ನು ಅಂಚೆಗೆ ಹಾಕಿದ ಮೇಲೆ ನನ್ನೊಳಗೆ ಒಂದು ಪ್ರಶ್ನೆ ಉಳಿಯಿತು. ಹಬ್ಬಗಳೇನೋ ಇವೆ. ಹೊಲವನ್ನೂ ಮನೆಯನ್ನೂ ಬಿಟ್ಟು ಬಂದು ಆಶ್ರಮಗಳ ಮಂಚದ ಮೇಲೆ ಕುಳಿತಿರುವ ನಮ್ಮ ಅಜ್ಜ-ಆಯಿಗಳ ಪಾಲಿಗೆ ಅವು ಎಲ್ಲಿವೆ?

ಶಾಲೆಗಳಿಂದ ಮಕ್ಕಳನ್ನು ಕರೆದುಕೊಂಡು ವೃದ್ಧಾಶ್ರಮಕ್ಕೆ ಹೋಗುವುದು ಈಗ ರೂಢಿಯಾಗಿದೆ. ಅಕ್ಟೋಬರ್ 1ನ್ನು ಹಿರಿಯರ ದಿನವೆಂದು ವಿಶ್ವಸಂಸ್ಥೆಯು 1990ರಲ್ಲಿ ಗೊತ್ತುಪಡಿಸಿದ ಮೇಲೆ ಅಂದು ಹಣ್ಣು ಹಂಚುವುದು, ಶಾಲು ಹೊದಿಸುವುದು, ಭಾಷಣ ಮಾಡುವುದು ನಡೆಯುತ್ತ ಬಂದಿದೆ. ನಮ್ಮ ಭಾಗದ ಅಂಥ ಒಂದು ಆಶ್ರಮಕ್ಕೆ ನಾನೂ ಮಕ್ಕಳೊಡನೆ ಹೋಗುತ್ತಿದ್ದೆ. ಅದರ ಹೆಸರನ್ನು ಇಲ್ಲಿ ಹೇಳುವ ಕಾರಣವಿಲ್ಲ. ಒಂದು ವರ್ಷ ಹೀಗೆಯೇ ಹಣ್ಣು ಹಂಚಿ ಮುಗಿಸಿದಾಗ, ರಾಮದುರ್ಗದ ಕಡೆಯ ನೇಕಾರ ಮನೆತನದ ವೃದ್ಧೆಯೊಬ್ಬರು ನನ್ನನ್ನು ಹತ್ತಿರ ಕರೆದು ಹೇಳಿದರು:

"ವರ್ಷಾ ಬರ್ತೀರಿ, ಬಾಳಿಹಣ್ಣ ಕೊಡ್ತೀರಿ, ಫೋಟೋ ಹಿಡಕೊಂಡ ಹೋಗ್ತೀರಿ. ಚೊಲೊ ಆತ್ರಿ. ಆದ್ರ ತಗೊಂಡ ತಗೊಂಡ ಕೈ ದಣದಾವ್ರಿ ಮಾಸ್ತರ. ಒಂದ ಸಲರ ನಮಗೂ ಕೊಡಾಕ ಬಿಡ್ರಿ."

ಆ ಮಾತಿನಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು. ಎಂಬತ್ತು ವರ್ಷ ಜನರಿಗೆ ಉಣಿಸಿದ, ಉಡಿಸಿದ ಕೈಗಳು ಈಗ ಬರೀ ಇಸಿದುಕೊಳ್ಳುವ ಕೈಗಳಾಗಿದ್ದವು. ದಾನಗಳಲ್ಲಿ ಅನ್ನದಾನ ದೊಡ್ಡದೆಂದು ನಾವು ಪಾಠ ಹೇಳುತ್ತೇವೆ. ಕೊಡುವ ಅವಕಾಶವನ್ನು ಕೊಡುವುದೂ ಒಂದು ದಾನವೆಂಬುದನ್ನು ಯಾವ ಸ್ಮೃತಿಯಲ್ಲಿಯೂ ಓದಿದ ನೆನಪು ನನಗಿಲ್ಲ. ಅದನ್ನು ಆ ತಾಯಿ ಹೇಳಿಕೊಟ್ಟರು.

ಮರುವರ್ಷ ಹಣ್ಣಿನ ಬುಟ್ಟಿಯ ಬದಲಿಗೆ ಮಣ್ಣಿನ ಬುಟ್ಟಿಯನ್ನು ಹೊತ್ತುಕೊಂಡು, ಮಣ್ಣೆತ್ತಿನ ಅಮಾವಾಸ್ಯೆಯ ಮುನ್ನಾದಿನವೇ ನಾವು ಅಲ್ಲಿಗೆ ಹೋದೆವು. ನೆಲ ಹೊಲಸಾಗುತ್ತದೆಂದು ವ್ಯವಸ್ಥಾಪಕರು ಆಕ್ಷೇಪಿಸಿದರು. ಗೋಣಿತಟ್ಟುಗಳನ್ನು ಹಾಸಿ ಸಮಾಧಾನಪಡಿಸಿದೆವು. ಬೈಲಹೊಂಗಲ ಸೀಮೆಯ ಬರಿಯ ಎರೆಮಣ್ಣು ಒಣಗುವಾಗ ಬಿರಿಯುತ್ತದೆ. ಅದಕ್ಕೆ ಹುತ್ತದ ಮಣ್ಣನ್ನೂ ಹಿಂಜಿದ ಹತ್ತಿಯನ್ನೂ ಕೂಡಿಸಿ ನಾದಬೇಕೆಂದು ಆಶ್ರಮದ ಅಜ್ಜಂದಿರೇ ಹೇಳಿಕೊಟ್ಟರು. ಕಿತ್ತೂರಿನ ಕಡೆಯ ಮಲೆನಾಡಿನ ಸೆರಗಿನಿಂದ ಬಂದವರು ಕೆಮ್ಮಣ್ಣೇ ಮೇಲೆಂದು ವಾದಿಸಿದರು. ಮಣ್ಣಿನ ವಿಷಯದಲ್ಲಿ ಅಂದು ನಡೆದ ಚರ್ಚೆಯು ಯಾವ ವಿದ್ವದ್ಗೋಷ್ಠಿಗೂ ಕಡಿಮೆಯದಾಗಿರಲಿಲ್ಲ.

ಅಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಲೇಬೇಕು. ತರ್ಕಶಾಸ್ತ್ರದಲ್ಲಿ ಲಕ್ಷಣವೆಂದರೇನೆಂಬುದನ್ನು ವಿವರಿಸುವಾಗ ಗೋವಿನ ಉದಾಹರಣೆಯನ್ನು ಕೊಡುತ್ತಾರೆ. ಕೊಂಬುಳ್ಳದ್ದು ಗೋವು ಎಂದರೆ ಅತಿವ್ಯಾಪ್ತಿ, ಏಕೆಂದರೆ ಎಮ್ಮೆಗೂ ಕೊಂಬುಂಟು. ಕಪಿಲವರ್ಣದ್ದು ಗೋವು ಎಂದರೆ ಅವ್ಯಾಪ್ತಿ, ಏಕೆಂದರೆ ಬೇರೆ ಬಣ್ಣದ ಗೋವುಗಳೂ ಉಂಟು. ಸಾಸ್ನೆಯುಳ್ಳದ್ದು, ಅಂದರೆ ಕೊರಳಡಿಯಲ್ಲಿ ಜೋಲುವ ತೊಗಲುಳ್ಳದ್ದು ಗೋವು. ಇದು ದೋಷರಹಿತವಾದ ಲಕ್ಷಣ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ನಾನು ಕಂಠಪಾಠ ಮಾಡಿದ್ದೆ. ಅಂದು ನಮ್ಮ ಏಳನೆಯ ತರಗತಿಯ ಹುಡುಗನೊಬ್ಬ ಕಷ್ಟಪಟ್ಟು ಮಾಡಿದ ಎತ್ತನ್ನು ಹಣ್ಣುಮುದುಕರೊಬ್ಬರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ತಮ್ಮಾ, ಇದು ಎತ್ತ ಆಗಿಲ್ಲೋ, ನಾಯಿ ಆಗೇತಿ. ಗಂಗಿದೊಗಲ ಎಲ್ಲಿ ಹೋತು? ಇಣಿ ಎಲ್ಲಿ ಹೋತು?" ಎಂದರು. ಹೇಳುತ್ತ ಹೇಳುತ್ತಲೇ ಕೊರಳ ಕೆಳಗೆ ಒಂದು ಚಿಟಿಕೆ ಮಣ್ಣನ್ನು ಎಳೆದರು, ಹೆಗಲ ಮೇಲೆ ಒಂದು ಉಂಡಿಯನ್ನು ಒತ್ತಿದರು. ನಾಯಿ ಎತ್ತಾಗಿ ಎದ್ದು ನಿಂತಿತು. ತಾರ್ಕಿಕರ ಸಾಸ್ನೆಯೂ ಕಕುದವೂ ಅಕ್ಷರವರಿಯದ ಆ ಹಿರಿಯರ ಹೆಬ್ಬೆರಳಿನ ತುದಿಯಲ್ಲಿದ್ದವು. ಆ ಹಿರಿಯರಿಗೆ ಕೆಲವು ವರ್ಷಗಳಿಂದ ಮರೆವಿನ ರೋಗ. ಅಂದು ಬೆಳಗ್ಗೆ ತಮ್ಮ ಊರಿನ ಹೆಸರನ್ನು ಅವರು ಮೂರು ಸಲ ನನ್ನನ್ನೇ ಕೇಳಿದ್ದರು. ಮಾತು ಮರೆತ ಮೇಲೆಯೂ ಕೈಯ ಕಸುಬು ಬಹುಕಾಲ ಉಳಿಯುತ್ತದೆಂದು ವೈದ್ಯರು ಹೇಳುವುದನ್ನು ಕೇಳಿದ್ದೆ. ಅಂದು ಕಣ್ಣಾರೆ ಕಂಡೆ.

ಜೋಡೆತ್ತುಗಳ ಮುಂದೆ ಗ್ವಾದಲಿಯನ್ನು ಮಾಡಿ, ಕಣ್ಣಿಗೆ ಜೋಳದ ಕಾಳುಗಳನ್ನಿಟ್ಟು ಮರುದಿನ ಪೂಜೆ ಮುಗಿಯಿತು. ಅದರ ಮಾರನೆಯ ದಿನ ಮಕ್ಕಳು ಒಂದು ಕಾಲು ಮುರಿದ ಮಣ್ಣೆತ್ತನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ, ಕುಂಟೆತ್ತು ಬಂದಿದೆಯೆಂದು ಹೇಳಿ ಜೋಳವನ್ನು ಬೇಡುವ ವಾಡಿಕೆ ನಮ್ಮಲ್ಲಿದೆ. ದುಡಿಯಲಾರದ ಎತ್ತಿಗೂ ಜೋಳದಲ್ಲಿ ಪಾಲುಂಟೆಂಬ ಧರ್ಮವನ್ನು ಇಷ್ಟು ಸರಳವಾಗಿ ಕಲಿಸಿದ ಹಬ್ಬ ಇನ್ನೊಂದಿರಲಾರದು. ನಮ್ಮ ಮಕ್ಕಳು ಆಶ್ರಮದ ಒಂದೊಂದೇ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಕೊಡುವುದಕ್ಕೆ ಅವರ ಬಳಿ ಏನಿದೆಯೆಂದು ನನಗೆ ಅಳುಕಿತ್ತು. ಆದರೆ ಆ ನೇಕಾರ ತಾಯಿ ಅಡಿಗೆಮನೆಯವರಿಗೆ ಹೇಳಿ, ಹಿಂದಿನ ಎರಡು ದಿನ ತಮ್ಮ ಪಾಲಿನ ಒಂದೊಂದು ರೊಟ್ಟಿಯನ್ನು ಬಿಟ್ಟು, ಅಷ್ಟು ಜೋಳವನ್ನು ಬೀಸದೆ ಇರಿಸಿದ್ದರು. ಉಳಿದವರೂ ಅದನ್ನೇ ಮಾಡಿದ್ದರು. ಸೆರಗಿನ ಗಂಟಿನಿಂದ, ಅಂಗಿಯ ಕಿಸೆಯಿಂದ, ಔಷಧದ ಖಾಲಿ ಡಬ್ಬಿಯಿಂದ ಜೋಳದ ಕಾಳುಗಳು ಮಕ್ಕಳ ಬೊಗಸೆಗೆ ಬಿದ್ದವು. ಆ ತಾಯಿ, "ತುಂಬಿತೇನೋ ಯಪ್ಪಾ? ಇನ್ನೊಂದೀಟ ಹಿಡಿ" ಎಂದು ಕೇಳುವಾಗ ಅವರ ದನಿ ಬೇರೆಯೇ ಆಗಿತ್ತು. ಇಸಿದುಕೊಳ್ಳುವವರ ದನಿಯಲ್ಲ, ಮನೆಯ ಯಜಮಾನಿತಿಯ ದನಿ.

ಆಟಗಳ ಮಾತನ್ನೂ ಹೇಳಬೇಕು. ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ 25 ಮನೆಗಳ ಚೌಕಾಬಾರವನ್ನು ಬರೆದೆವು. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಾರದೆಂದು ಸವದತ್ತಿಯವರ ಪಕ್ಷ. ಹಾಗೇನಿಲ್ಲವೆಂದು ಕಿತ್ತೂರಿನ ಕಡೆಯವರ ಪಕ್ಷ. ಎರಡು ವರ್ಷಗಳಿಂದ ಒಂದೇ ಕೋಣೆಯಲ್ಲಿದ್ದು ಪರಸ್ಪರ ಮಾತನಾಡದಿದ್ದ ಇಬ್ಬರು ಅಜ್ಜಂದಿರು ಈ ಧರ್ಮಸೂಕ್ಷ್ಮದ ಮೇಲೆ ಅರ್ಧ ತಾಸು ಜಗಳವಾಡಿ, ಕೊನೆಗೆ ಒಂದೇ ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದರು. ದೃಷ್ಟಿ ಹೋದ ಆಯಿಯೊಬ್ಬರು ಅಳಗುಳಿಮಣೆಯ ಮುಂದೆ ಕುಳಿತರು. ಎರಡು ಸಾಲುಗಳಲ್ಲಿ ಏಳೇಳರಂತೆ 14 ಕುಳಿಗಳು, ಒಂದೊಂದರಲ್ಲಿ ಐದೈದು ಹುಣಸೆಬೀಜಗಳು. ಬೆರಳುಗಳಿಂದ ತಡವಿ, ಯಾವ ಕುಳಿಯಲ್ಲಿ ಎಷ್ಟು ಬೀಜಗಳಿವೆಯೆಂದು ಹೇಳುತ್ತ, ನಮ್ಮ ಗಣಿತದಲ್ಲಿ ಜಾಣೆಯಾದ ಹುಡುಗಿಯನ್ನು ಅವರು ಎರಡು ಸಲ ಸೋಲಿಸಿದರು. ಆಟದ ನಡುವೆ ಹುಡುಗಿ ಅವಸರಪಟ್ಟಾಗ, "ತಡಿ ತಂಗಿ, ಈಗ ನನ್ನ ಪಾಳಿ" ಎಂದರು. ಪಾಳಿಯೆಂಬ ಪದದ ಎರಡು ಅರ್ಥಗಳು ಒಂದಾದದ್ದು ಆ ಗಳಿಗೆಯಲ್ಲಿ. ಪಾಳಿ ಇರುವವರೆಗೆ ಮನುಷ್ಯ ಆಟದೊಳಗಿದ್ದಾನೆ. ಪಾಳಿಯನ್ನು ಕಸಿದುಕೊಂಡು, ಬರಿದೆ ನೋಡುತ್ತ ಕುಳ್ಳಿರಿಸಿದರೆ ಎಷ್ಟು ಉಣಿಸಿದರೂ ಅವನು ಆಟದ ಹೊರಗೆ.

ಆ ವರ್ಷ ಎಳ್ಳಮಾವಾಸ್ಯೆಗೂ ನಾವು ಹೋದೆವು. ಹೆಂಗಸರು ಕುಳಿತಲ್ಲಿಯೇ ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚಿದರು, ಕಡಬು ಕಟ್ಟಿದರು, ಗುರೆಳ್ಳು ಚಟ್ನಿಯನ್ನು ಕುಟ್ಟಿದರು. ಒಲೆಯ ಮುಂದಿನ ಕೆಲಸವನ್ನು ಮಾತ್ರ ಅಡಿಗೆಯವರು ಮಾಡಿದರು. ನೆರೆಯ ಹೊಲದ ಒಕ್ಕಲಿಗರು ಸಂತೋಷದಿಂದ ಅನುಮತಿಯನ್ನಿತ್ತರು. ಎಲ್ಲರೂ ಹೊಲದ ಬದುವಿಗೆ ಹೋಗಿ ಚರಗ ಚೆಲ್ಲುವಾಗ ಒಬ್ಬರು ಮಾತ್ರ ಕದಲದೆ ನಿಂತರು. ಅವರ ಹೊಲವು 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಮಲಪ್ರಭೆಯ ಆ ನೀರಿನಿಂದ ಸಾವಿರಾರು ಎಕರೆ ಭೂಮಿ ಹಸಿರಾಯಿತೆಂಬುದು ನಿಜ; ಅದಕ್ಕಾಗಿ ತಮ್ಮ ಭೂಮಿಯನ್ನು ಬಿಟ್ಟುಕೊಟ್ಟವರನ್ನು ನೆನೆಯುವ ಹಬ್ಬ ಇಲ್ಲವೆಂಬುದೂ ನಿಜ. "ಮಂದಿ ಹೊಲಕ್ಕ ನಾ ಹೆಂಗ ಚರಗ ಚೆಲ್ಲಲಿ?" ಎಂದು ಅವರು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಜೊತೆಯಲ್ಲಿದ್ದ ನಮ್ಮ ಹುಡುಗಿಯೊಬ್ಬಳು, "ಅಜ್ಜಾ, ನಿಮ್ಮ ಹೊಲ ಯಾವ ದಿಕ್ಕಿಗೈತಿ?" ಎಂದು ಕೇಳಿದಳು. ಅವರು ಕೈಯೆತ್ತಿ ತೋರಿಸಿದರು. ಆ ಕೈಯಲ್ಲಿಯೇ ಆಕೆ ಒಂದು ತುತ್ತು ಅನ್ನವನ್ನಿಟ್ಟಳು. ಐವತ್ತು ವರ್ಷಗಳಿಂದ ನೀರಿನ ಕೆಳಗಿರುವ ಹೊಲದ ದಿಕ್ಕಿಗೆ ಮುಖ ಮಾಡಿ ಆ ಹಿರಿಯರು ಚರಗ ಚೆಲ್ಲಿದರು. ಆಮೇಲೆ ಕುಳಿತು ಎರಡು ಕಡಬು ಹೆಚ್ಚಿಗೆ ಬೇಡಿ ಉಂಡರು.

ಇಂಥ ಕಾರ್ಯಕ್ರಮಗಳಿಗೆ ಅಂಕಗಳೆಷ್ಟು, ಪರೀಕ್ಷೆಗೆ ಇವುಗಳಿಂದ ಏನು ಪ್ರಯೋಜನ ಎಂದು ಪಾಲಕರೊಬ್ಬರು ನನ್ನನ್ನು ಕೇಳಿದುದುಂಟು. ಅಂಕಗಳಿಲ್ಲವೆಂದೇ ಉತ್ತರಿಸಿದೆ. ಅಂಕಗಳಿದ್ದಿದ್ದರೆ ಅದು ವ್ಯಾಪಾರವಾಗುತ್ತಿತ್ತು, ಪಾಳಿಯಾಗುತ್ತಿರಲಿಲ್ಲ. ಆದರೆ ಗಂಗೆದೊಗಲು, ಇಣಿ, ಗ್ವಾದಲಿ ಮುಂತಾಗಿ ಆ ಮಕ್ಕಳು ಒಂದು ವರ್ಷದಲ್ಲಿ ಕಲಿತ ದೇಶ್ಯಪದಗಳನ್ನು ನನ್ನ ಒಂದು ದಶಕದ ವ್ಯಾಕರಣಪಾಠವು ಕಲಿಸಿರಲಿಲ್ಲವೆಂಬುದನ್ನೂ ಅವರಿಗೆ ತಿಳಿಸಿದೆ.

ಈ ಕಾರ್ಯವನ್ನು ಕೈಗೊಳ್ಳಬಯಸುವ ತರುಣ ಅಧ್ಯಾಪಕರಿಗೆ ಅನುಭವದಿಂದ ಕಂಡ ಕೆಲವು ಮಾತುಗಳನ್ನು ಹೇಳಬಹುದು. ಬೆಳಗಿನ ಹೊತ್ತು ಹೋಗಬೇಕು. ಸಂಜೆಯಾದಂತೆ ವೃದ್ಧರು ದಣಿಯುತ್ತಾರೆ, ಮರೆವಿನ ರೋಗವುಳ್ಳವರು ಕಳವಳಗೊಳ್ಳುತ್ತಾರೆ. ಮಣ್ಣನ್ನು ಬೆಣ್ಣೆಯಂತೆ ಮೆತ್ತಗೆ ನಾದಿಕೊಂಡಿರಬೇಕು. ಬೆರಳಿನ ಸಂದು ಹಿಡಿದವರಿಗೆ ಗಟ್ಟಿ ಮಣ್ಣು ನೋವುಂಟುಮಾಡುತ್ತದೆ. ಕವಡೆಗಳು ದೊಡ್ಡವಾಗಿರಲಿ, ಹಲಗೆಯು ಕುಳಿತವರ ಕೈಗೆ ನಿಲುಕುವಷ್ಟು ಎತ್ತರದಲ್ಲಿರಲಿ, ಹಾಕಿದ ಗೆರೆಗಳು ದಪ್ಪವಾಗಿರಲಿ. ಸಕ್ಕರೆಯ ರೋಗವುಳ್ಳವರು ಯಾರೆಂದು ಮೊದಲೇ ಕೇಳಿ ತಿಳಿದುಕೊಂಡು ಬೆಲ್ಲದ ಪದಾರ್ಥಗಳನ್ನು ಬಡಿಸಬೇಕು. ಸ್ಪರ್ಧೆ, ಬಹುಮಾನಗಳನ್ನಿಡಬಾರದು. "ನಿಮ್ಮ ಮಕ್ಕಳೆಲ್ಲಿದ್ದಾರೆ?" ಎಂದು ಮಕ್ಕಳು ಕೇಳದಂತೆ ಮೊದಲೇ ತಿಳಿಹೇಳಬೇಕು, ಅವರಾಗಿಯೇ ಹೇಳಿದರೆ ಕಿವಿಗೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಸಲು ಹೋಗುತ್ತೇವೆಂಬ ಭಾವವನ್ನು ಬಾಗಿಲಲ್ಲಿಯೇ ಬಿಟ್ಟು, ಕಲಿಯಲು ಹೋಗಬೇಕು. ಒಂದು ವರ್ಷ ಹೋಗಿ ಮರುವರ್ಷ ಬಿಡುವುದಕ್ಕಿಂತ ಹೋಗದೆ ಇರುವುದೇ ಲೇಸು. ಅಲ್ಲಿ ದಿನಗಳನ್ನು ಎಣಿಸುವವರು ಇರುತ್ತಾರೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ಮೀರಿದವರು ಹತ್ತು ಕೋಟಿಗೂ ಮಿಕ್ಕಿದ್ದರು. ಆ ಸಂಖ್ಯೆ ಅಂದಿನಿಂದ ಬೆಳೆಯುತ್ತಲೇ ಬಂದಿದೆ. ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಕೇಂದ್ರ ಸರಕಾರವು ಶಾಸನವನ್ನೇ ಮಾಡಬೇಕಾಯಿತು. ನ್ಯಾಯಮಂಡಳಿಯು ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶವನ್ನು ಕೊಡಿಸಬಹುದೆಂದು ಅದು ವಿಧಿಸುತ್ತದೆ. ಇಂಥ ಶಾಸನ ಬೇಕು. ಅದರ ಆಸರೆಯಿಂದ ಎಷ್ಟೋ ಜನರಿಗೆ ತುತ್ತು ದೊರೆಯಬಹುದು. ಆದರೆ ಶಾಸನವು ಹಣವನ್ನು ಕೊಡಿಸಬಲ್ಲುದು, ಪಾಳಿಯನ್ನು ಕೊಡಿಸಲಾರದು. "ನಿಮ್ಮಿಂದ ನಮಗೆ ಇನ್ನೂ ಆಗಬೇಕಾದುದು ಇದೆ" ಎಂದು ಹಿರಿಯರಿಗೆ ಹೇಳುವ ಅಧಿಕಾರ ಯಾವ ನ್ಯಾಯಮಂಡಳಿಗೂ ಇಲ್ಲ; ಅದು ಮಕ್ಕಳಿಗೆ ಮಾತ್ರ ಇದೆ.

ಆ ನೇಕಾರ ತಾಯಿ ಈಗಿಲ್ಲ. ಅವರು ಮಕ್ಕಳ ಬೊಗಸೆಗೆ ಸುರಿದ ಜೋಳದಲ್ಲಿ ಒಂದು ಹಿಡಿಯನ್ನು ನಮ್ಮ ವಿದ್ಯಾರ್ಥಿಗಳು ಶಾಲೆಯ ಹಿತ್ತಲಿನಲ್ಲಿ ಬಿತ್ತಿದರು. ತೆನೆ ಬಂದಾಗ ಅದನ್ನು ಮುರಿದು ಒಣಗಿಸಿ, ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳ ಕಣ್ಣಿಗಾಗಿ ಎತ್ತಿಟ್ಟರು. ಅಂದಿನಿಂದ ವರ್ಷವರ್ಷವೂ ಇದು ನಡೆದುಬಂದಿದೆ. ಈ ಸಂಚಿಕೆಯನ್ನು ಓದುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರು ಮನೆಯಲ್ಲಿರಲಿ, ಆಶ್ರಮದಲ್ಲಿರಲಿ, ಬರುವ ಹಬ್ಬಕ್ಕೆ ಅವರಿಗಾಗಿ ಏನನ್ನು ಒಯ್ಯಬೇಕೆಂದು ಯೋಚಿಸುವುದರ ಜೊತೆಗೆ, ಅವರಿಂದ ಏನನ್ನು ಬೇಡಬೇಕೆಂಬುದನ್ನೂ ಯೋಚಿಸಿರಿ. ಒಂದು ಮಣ್ಣೆತ್ತನ್ನು ಬೇಡಿರಿ, ಒಂದು ಆಟವನ್ನು ಬೇಡಿರಿ, ಒಂದು ಬೊಗಸೆ ಜೋಳವನ್ನು ಬೇಡಿರಿ. ಅವರ ಜೋಳವನ್ನುಂಡು ಬೆಳೆದ ನಮಗೆ ಅವರ ಮುಂದೆ ಕೈಯೊಡ್ಡಲು ನಾಚಿಕೆ ಸಲ್ಲದು.